ಗಾಮಾ ಕಿರಣ ಸ್ಫೋಟದ ಅಧ್ಯಯನ: ಯಾವ ಪ್ರಶ್ನೆಗೆ ಯಾವ ಉಪಗ್ರಹದ ಡೇಟಾ?

ಗಾಮಾ ಕಿರಣ ಸ್ಫೋಟಗಳ (ದೂರದ ಆಕಾಶದಿಂದ ಇದ್ದಕ್ಕಿದ್ದಂತೆ ಬಂದು ಆರಿಹೋಗುವ ಗಾಮಾ ಕಿರಣದ ಹೊನಲು) ಮೇಲೆ ಪ್ರಾಜೆಕ್ಟ್ ಮಾಡಲು ಹೊರಟವರು ಮೊದಲು ಕೇಳುವುದು ಇದನ್ನೇ: ಫರ್ಮಿ ಡೇಟಾ ತಗೊಳ್ಳಬೇಕಾ, ಸ್ವಿಫ್ಟ್ ಡೇಟಾ ತಗೊಳ್ಳಬೇಕಾ? ಈಗಂತೂ ಐನ್‌ಸ್ಟೈನ್ ಪ್ರೋಬ್, ಎಸ್‌ವಿಒಎಂ, ಆಸ್ಟ್ರೋಸ್ಯಾಟ್ ಹೆಸರುಗಳೂ ಸೇರಿಕೊಂಡು ಗೊಂದಲ ಇನ್ನೂ ಜಾಸ್ತಿಯಾಗಿದೆ. ಉಪಗ್ರಹದ ಆಯ್ಕೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನಿಮ್ಮ ಪ್ರಶ್ನೆ ಏನು ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಸ್ಫೋಟ ಎಲ್ಲಿ ಆಯಿತು, ಎಷ್ಟು ದೂರದಲ್ಲಿ ಅನ್ನುವುದು ಒಂದು ಪ್ರಶ್ನೆ. ಎಷ್ಟು ಶಕ್ತಿ ಹೊಮ್ಮಿತು, ಅದರ ರೋಹಿತ (ಯಾವ ಶಕ್ತಿಯ ಕಿರಣ ಎಷ್ಟು ಬಂತು ಅನ್ನುವ ಹಂಚಿಕೆ) ಹೇಗಿದೆ ಅನ್ನುವುದು ಬೇರೆ ಪ್ರಶ್ನೆ. ಸ್ಫೋಟ ಆರಿದ ಮೇಲೆ ಉಳಿಯುವ ಹೊಳಪು ಹೇಗೆ ಕುಂದುತ್ತದೆ ಅನ್ನುವುದು ಮತ್ತೊಂದು. ಇವೆಲ್ಲಕ್ಕೂ ಒಂದೇ ಉಪಗ್ರಹ ಚೆನ್ನಾಗಿ ಉತ್ತರ ಕೊಡುವುದಿಲ್ಲ.

ಅದು ಉಪಗ್ರಹ ಕಟ್ಟಿದವರ ಕೊರತೆಯೇನಲ್ಲ. ಗಾಮಾ ಕಿರಣದ ಗುಣವೇ ಹಾಗೆ.

ಭೂಮಿಯ ವಾತಾವರಣ ಈ ಕಿರಣಗಳನ್ನು ಕೆಳಗೆ ಬಿಡುವುದಿಲ್ಲ, ಹಾಗಾಗಿ ಮೇಲಕ್ಕೆ ಹೋಗಲೇಬೇಕು. 1967ರ ಜುಲೈ 2ರಂದು ಮೊದಲ ಸ್ಫೋಟ ಕಂಡದ್ದು ಕೂಡ ಅಮೆರಿಕದ ವೇಲಾ ಉಪಗ್ರಹಗಳಿಗೆ. ಅವು ಅಣುಬಾಂಬ್ ಪರೀಕ್ಷೆಗಳ ಮೇಲೆ ಕಣ್ಣಿಡಲು ಹೋಗಿದ್ದವು. ಆ ಫಲಿತಾಂಶ ಪ್ರಕಟವಾಗಿದ್ದು 1973ರಲ್ಲಿ. ಮೇಲಕ್ಕೆ ಹೋದ ಮೇಲೂ ಒಂದು ತೊಡಕು ಉಳಿಯುತ್ತದೆ. ಬೆಳಕನ್ನು ಮಸೂರದಿಂದಲೋ ಕನ್ನಡಿಯಿಂದಲೋ ಒಂದು ಬಿಂದುವಿಗೆ ತರುವ ಹಾಗೆ ಈ ಕಿರಣಗಳನ್ನು ತರಲು ಆಗುವುದಿಲ್ಲ. ಅದಕ್ಕೇ ದಿಕ್ಕು ಕಂಡುಹಿಡಿಯಲು ಸುತ್ತುಬಳಸಿನ ದಾರಿಗಳು ಬೇಕು.

ಅಂಥ ದಾರಿಗಳು ಮೂರಿವೆ. ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ ಹಲವು ಡಿಟೆಕ್ಟರ್‌ಗಳನ್ನಿಟ್ಟು, ಯಾವುದಕ್ಕೆ ಜಾಸ್ತಿ ಕಣ (ಫೋಟಾನ್, ಅಂದರೆ ಕಿರಣದ ಬಿಡಿ ಕಣ) ಬಿತ್ತು ಅಂತ ಹೋಲಿಸುವುದು ಒಂದು. ಇದರಲ್ಲಿ ಆಕಾಶದ ದೊಡ್ಡ ಭಾಗ ಸಿಗುತ್ತದೆ, ದಿಕ್ಕು ಮಾತ್ರ ಒರಟು. ಎರಡನೆಯದು ಸಂಕೇತ ಮುಸುಕು. ಡಿಟೆಕ್ಟರ್‌ನ ಮೇಲೆ ಸೀಸದ ತುಂಡುಗಳನ್ನು ಒಂದು ಲೆಕ್ಕಾಚಾರದ ವಿನ್ಯಾಸದಲ್ಲಿ ಜೋಡಿಸಿರುತ್ತಾರೆ. ಜಾಲಂದ್ರದಿಂದ ಒಳಗೆ ಬಿದ್ದ ನೆರಳು ನೋಡಿ ಸೂರ್ಯ ಯಾವ ಕಡೆ ಇದ್ದಾನೆ ಅಂತ ಹೇಳುವ ಹಾಗೆ, ಡಿಟೆಕ್ಟರ್ ಮೇಲೆ ಬಿದ್ದ ನೆರಳಿನಿಂದ ಸ್ಫೋಟದ ದಿಕ್ಕನ್ನು ಲೆಕ್ಕ ಹಾಕುತ್ತಾರೆ. ದಿಕ್ಕು ನಿಖರ, ಆದರೆ ನೋಡುವ ಆಕಾಶ ಕಿರಿದು. ಮೂರನೆಯದು ಸಮಯದ ಲೆಕ್ಕ. ದೂರ ದೂರ ಇರುವ ಎರಡು ಉಪಗ್ರಹಗಳಿಗೆ ಅದೇ ಸ್ಫೋಟ ಎಷ್ಟು ಅಂತರದಲ್ಲಿ ತಲುಪಿತು ಅಂತ ನೋಡಿದರೆ ಆಕಾಶದಲ್ಲಿ ಒಂದು ವೃತ್ತ ಸಿಗುತ್ತದೆ. ಮೂರು ಉಪಗ್ರಹಗಳಿದ್ದರೆ ಎರಡು ವೃತ್ತ ಒಂದನ್ನೊಂದು ಕತ್ತರಿಸುವ ಜಾಗ ಸಿಗುತ್ತದೆ.

ಹೀಗೆ ಅಗಲ ಬೇಕೆಂದರೆ ನಿಖರತೆ ಬಿಡಬೇಕು, ನಿಖರತೆ ಬೇಕೆಂದರೆ ಅಗಲ ಬಿಡಬೇಕು. ಫರ್ಮಿ ಮತ್ತು ಸ್ವಿಫ್ಟ್ ನಡುವಿನ ವ್ಯತ್ಯಾಸದ ಬೇರು ಇಲ್ಲಿದೆ.

ಫರ್ಮಿ: ಎಣಿಕೆಗೂ ರೋಹಿತಕ್ಕೂ

2008ರ ಜೂನ್ 11ರಂದು ಹಾರಿದ ಫರ್ಮಿಯಲ್ಲಿ ಎರಡು ಉಪಕರಣಗಳಿವೆ. ಹೊಸಬರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಜಿಬಿಎಂ. ಇದರಲ್ಲಿ ಸೋಡಿಯಂ ಅಯೊಡೈಡ್‌ನ 12 ಡಿಟೆಕ್ಟರ್‌ಗಳು 8 ಕೆಇವಿಯಿಂದ 1 ಎಂಇವಿವರೆಗೆ ನೋಡುತ್ತವೆ. ಬಿಸ್ಮತ್ ಜರ್ಮನೇಟ್‌ನ 2 ಡಿಟೆಕ್ಟರ್‌ಗಳು 200 ಕೆಇವಿಯಿಂದ 40 ಎಂಇವಿವರೆಗೆ ನೋಡುತ್ತವೆ. (ಇವು ಕಿರಣದ ಶಕ್ತಿಯ ಅಳತೆಗಳು. ಕೆಇವಿ ಅಂದರೆ ಸಾವಿರ ಎಲೆಕ್ಟ್ರಾನ್ ವೋಲ್ಟ್, ಎಂಇವಿ ಅಂದರೆ ಹತ್ತು ಲಕ್ಷ.) ಭೂಮಿ ಮರೆ ಮಾಡಿದ ಭಾಗ ಬಿಟ್ಟರೆ ಉಳಿದ ಆಕಾಶವೆಲ್ಲ ಇದರ ಕಣ್ಣಿಗೆ ಬೀಳುತ್ತದೆ. ವರ್ಷಕ್ಕೆ ಸುಮಾರು 240 ಸ್ಫೋಟ ಸಿಗುತ್ತವೆ.

ಜಿಬಿಎಂನ ದೊಡ್ಡ ಗುಣ ಈ ಅಗಲವಾದ ಶಕ್ತಿ ವ್ಯಾಪ್ತಿ. ಸ್ಫೋಟದ ರೋಹಿತ ಒಂದು ಕಡೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಆ ತುದಿ ಸಾಮಾನ್ಯವಾಗಿ ನೂರಾರು ಕೆಇವಿಯಲ್ಲಿರುತ್ತದೆ. ಸ್ಫೋಟದಲ್ಲಿ ಹೊಮ್ಮಿದ ಒಟ್ಟು ಶಕ್ತಿ ಎಷ್ಟು ಅಂತ ಹೇಳಲು ಆ ತುದಿಯ ಎರಡೂ ಬದಿ ಕಾಣಬೇಕು. ಜಿಬಿಎಂಗೆ ಕಾಣುತ್ತದೆ. ಸ್ವಿಫ್ಟ್‌ಗೆ ಹೆಚ್ಚಿನ ಸಲ ಕಾಣುವುದಿಲ್ಲ.

ದೊಡ್ಡ ಕೊರತೆ ದಿಕ್ಕು. ಜಿಬಿಎಂ ಒಂದರಿಂದಲೇ ಸಿಗುವ ಸ್ಥಾನದಲ್ಲಿ ಹಲವು ಡಿಗ್ರಿಗಳ ಅನುಮಾನ ಇರುತ್ತದೆ. ಹುಣ್ಣಿಮೆ ಚಂದ್ರನ ಅಗಲ ಅರ್ಧ ಡಿಗ್ರಿ. ಅಂಥ ಹಲವಾರು ಚಂದ್ರರು ಹಿಡಿಸುವಷ್ಟು ಜಾಗದಲ್ಲಿ ದೊಡ್ಡ ದೂರದರ್ಶಕ ಎಲ್ಲಿ ಅಂತ ಹುಡುಕಬೇಕು ಹೇಳಿ.

ಎರಡನೇ ಉಪಕರಣ ಎಲ್‌ಎಟಿ. ಇದು 20 ಎಂಇವಿಯಿಂದ 300 ಜಿಇವಿಗೂ ಮೇಲೆ ನೋಡುತ್ತದೆ. ಜಿಇವಿ ಅಂದರೆ ನೂರು ಕೋಟಿ ಎಲೆಕ್ಟ್ರಾನ್ ವೋಲ್ಟ್. ಇಲ್ಲಿ ಸಿಗುವ ಸ್ಫೋಟ ಕಡಿಮೆ. ಮೊದಲ ಹತ್ತು ವರ್ಷದಲ್ಲಿ ಜಿಬಿಎಂ 2,300ಕ್ಕೂ ಹೆಚ್ಚು ಸ್ಫೋಟ ಹಿಡಿದರೆ, ಎಲ್‌ಎಟಿ ಪಟ್ಟಿಯಲ್ಲಿರುವುದು 186. ಆದರೆ ಸಿಕ್ಕಿದ್ದು ಅಪರೂಪದ್ದು. 2013ರ ಏಪ್ರಿಲ್ 27ರ ಸ್ಫೋಟದಿಂದ 95 ಜಿಇವಿಯ ಒಂದು ಫೋಟಾನ್ ಬಂತು. 2009ರ ಮೇ 10ರ ಕಿರು ಸ್ಫೋಟದಿಂದ 31 ಜಿಇವಿಯ ಒಂದು ಫೋಟಾನ್ ಬಂದಿತ್ತು. ಶಕ್ತಿ ಜಾಸ್ತಿಯಾದರೆ ಬೆಳಕಿನ ವೇಗ ಚೂರಾದರೂ ಬದಲಾಗುತ್ತದಾ ಅನ್ನುವ ಪ್ರಶ್ನೆಗೆ ಅದೊಂದೇ ಫೋಟಾನ್‌ನಿಂದ ಬಹಳ ಬಿಗಿಯಾದ ಮಿತಿ ಸಿಕ್ಕಿತು. ನಿಮ್ಮ ಪ್ರಶ್ನೆ ಈ ಥರದ್ದಾದರೆ ಎಲ್‌ಎಟಿ. ಇಲ್ಲವಾದರೆ ಮೊದಲ ಪ್ರಾಜೆಕ್ಟ್‌ಗೆ ಅದನ್ನು ಮುಟ್ಟುವ ಅಗತ್ಯವಿಲ್ಲ.

ಸ್ವಿಫ್ಟ್: ಸ್ಥಾನಕ್ಕೂ ದೂರಕ್ಕೂ

ಸ್ವಿಫ್ಟ್ 2004ರ ನವೆಂಬರ್ 20ರಂದು ಹಾರಿತು. ಯೋಜನೆಯನ್ನು ಮುನ್ನಡೆಸಿದ ನೀಲ್ ಗೆಹ್ರೆಲ್ಸ್ ತೀರಿಕೊಂಡ ಮೇಲೆ 2018ರಲ್ಲಿ ಅವರ ಹೆಸರನ್ನು ಅದಕ್ಕೆ ಸೇರಿಸಿದರು. ಇದರಲ್ಲಿ ಮೂರು ಕಣ್ಣು. ಬ್ಯಾಟ್ ಅನ್ನುವುದು 15ರಿಂದ 150 ಕೆಇವಿವರೆಗೆ ನೋಡುವ ಸಂಕೇತ ಮುಸುಕಿನ ಉಪಕರಣ. ಎಕ್ಸ್‌ಆರ್‌ಟಿ 0.3ರಿಂದ 10 ಕೆಇವಿವರೆಗಿನ ಎಕ್ಸ್ ಕಿರಣ ದೂರದರ್ಶಕ. ಯುವಿಒಟಿ 30 ಸೆಂಟಿಮೀಟರ್ ಅಗಲದ ಕನ್ನಡಿಯ, ಅತಿನೇರಳೆ ಮತ್ತು ಗೋಚರ ಬೆಳಕಿನ ದೂರದರ್ಶಕ.

ಸ್ಫೋಟವಾದಾಗ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬ್ಯಾಟ್‌ಗೆ ಬೀಳುವ ಕಣಗಳ ಎಣಿಕೆ ಇದ್ದಕ್ಕಿದ್ದಂತೆ ಏರುತ್ತದೆ. ಉಪಗ್ರಹದ ಒಳಗಿನ ಕಂಪ್ಯೂಟರ್ ನೆರಳನ್ನು ಬಿಡಿಸಿ ಕೆಲವು ಸೆಕೆಂಡುಗಳಲ್ಲೇ ಒಂದರಿಂದ ನಾಲ್ಕು ಆರ್ಕ್ ಮಿನಿಟ್‌ನೊಳಗೆ (ಆರ್ಕ್ ಮಿನಿಟ್ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಸ್ಥಾನ ಹೇಳುತ್ತದೆ. ಭೂಮಿಯಿಂದ ಅಪ್ಪಣೆಗೆ ಕಾಯುವುದಿಲ್ಲ. ಸೂರ್ಯನ ಹತ್ತಿರ ಹೋಗುತ್ತದಾ, ಭೂಮಿ ಅಡ್ಡ ಬರುತ್ತದಾ ಅಂತ ತಾನೇ ನೋಡಿಕೊಂಡು ಇಡೀ ಉಪಗ್ರಹ ಆ ಕಡೆ ತಿರುಗುತ್ತದೆ. ಒಂದೆರಡು ನಿಮಿಷದೊಳಗೆ ಎಕ್ಸ್‌ಆರ್‌ಟಿ ಅಲ್ಲೊಂದು ಹೊಸ ಚುಕ್ಕೆ ಕಂಡು, ಸ್ಥಾನವನ್ನು ಕೆಲವೇ ಆರ್ಕ್ ಸೆಕೆಂಡ್‌ಗೆ (ಆರ್ಕ್ ಮಿನಿಟ್‌ನ ಅರವತ್ತನೇ ಒಂದು ಭಾಗ) ಇಳಿಸುತ್ತದೆ. ಅಷ್ಟರಲ್ಲಿ ಸುದ್ದಿ ಭೂಮಿಯ ಮೇಲಿನ ದೂರದರ್ಶಕಗಳಿಗೆ ಮುಟ್ಟಿರುತ್ತದೆ. ಅವು ಉಳಿಹೊಳಪಿನ ರೋಹಿತ ತೆಗೆದು ಕೆಂಪುಪಲ್ಲಟ (ದೂರದಿಂದ ಬಂದ ಬೆಳಕು ಹಿಗ್ಗಿ ಕೆಂಪಿನ ಕಡೆ ಎಷ್ಟು ಸರಿದಿದೆ ಅನ್ನುವುದು) ಅಳೆಯುತ್ತವೆ. ದೂರ ಗೊತ್ತಾಗುವುದು ಹಾಗೆ. ಸ್ವಿಫ್ಟ್ ಕಂಡ ಸ್ಫೋಟಗಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ದೂರ ಗೊತ್ತಾಗಿದೆ.

2009ರ ಏಪ್ರಿಲ್ 23ರ ಸ್ಫೋಟದ ಕೆಂಪುಪಲ್ಲಟ ಸುಮಾರು 8.2. ಅದರ ಬೆಳಕು ಸುಮಾರು 1,300 ಕೋಟಿ ವರ್ಷ ಪಯಣಿಸಿ ಬಂದಿತ್ತು. 2008ರ ಮಾರ್ಚ್ 19ರ ಸ್ಫೋಟದ ಬೆಳಕು ಹೊರಟು ಸುಮಾರು 750 ಕೋಟಿ ವರ್ಷವಾಗಿತ್ತು. ಆದರೂ ಕತ್ತಲ ಆಕಾಶದಲ್ಲಿ ಸರಿಯಾದ ಕಡೆ ನೋಡುತ್ತಿದ್ದವರಿಗೆ ಅದು ಸ್ವಲ್ಪ ಹೊತ್ತು ಬರಿಗಣ್ಣಿಗೇ ಕಾಣುವಷ್ಟು ಪ್ರಕಾಶವಾಗಿತ್ತು! ಇಂಥ ಕೆಲಸಕ್ಕೆ ಇಷ್ಟು ವರ್ಷ ಸ್ವಿಫ್ಟ್‌ಗೆ ಸಮನಾದದ್ದು ಇನ್ನೊಂದು ಇರಲಿಲ್ಲ ಅಂತಲೇ ನನ್ನ ಅಭಿಪ್ರಾಯ.

ಕೊರತೆಗಳೂ ಇವೆ. ಬ್ಯಾಟ್ ಒಂದು ಹೊತ್ತಿಗೆ ನೋಡುವುದು ಆಕಾಶದ ಸುಮಾರು ಒಂಬತ್ತನೇ ಒಂದು ಭಾಗ. ವರ್ಷಕ್ಕೆ ಸಿಗುವುದು ನೂರರ ಆಸುಪಾಸು. ಶಕ್ತಿ ವ್ಯಾಪ್ತಿ ಕಿರಿದಾದ್ದರಿಂದ ರೋಹಿತದ ತುದಿ ಆಚೆಗೇ ಉಳಿದುಬಿಡುತ್ತದೆ. ಜೊತೆಗೆ ಸ್ವಿಫ್ಟ್‌ಗೆ ತನ್ನ ಕಕ್ಷೆಯನ್ನು ಎತ್ತಿಕೊಳ್ಳಲು ಎಂಜಿನ್ ಇಲ್ಲ. ಸೂರ್ಯನ ಚಟುವಟಿಕೆ ಹೆಚ್ಚಿ ಮೇಲಿನ ವಾತಾವರಣ ಉಬ್ಬಿದ್ದರಿಂದ ಅದು ಬೇಗ ಬೇಗ ಕೆಳಗಿಳಿಯತೊಡಗಿತು. ಇನ್ನೊಂದು ನೌಕೆ ಹೋಗಿ ಅದನ್ನು ಮೇಲಕ್ಕೆ ತಳ್ಳುವ ಕೆಲಸವನ್ನು ನಾಸಾ 2025ರಲ್ಲಿ ಕ್ಯಾಟಲಿಸ್ಟ್ ಅನ್ನುವ ಕಂಪನಿಗೆ ವಹಿಸಿತು. ಹೊಸ ಸ್ಫೋಟಗಳನ್ನೇ ನಂಬಿ ಯೋಜನೆ ಹಾಕುವವರು ಸ್ವಿಫ್ಟ್ ಈಗ ಯಾವ ಸ್ಥಿತಿಯಲ್ಲಿದೆ ಅಂತ ನೋಡಿಕೊಂಡೇ ಮುಂದುವರಿಯಿರಿ. ಹಳೆಯ ಡೇಟಾ ಹೇಗೂ ಇದ್ದೇ ಇರುತ್ತದೆ.

ಒಂದೇ ಸ್ಫೋಟ, ಹಲವು ಕಣ್ಣು

2017ರ ಆಗಸ್ಟ್ 17. ಎರಡು ನ್ಯೂಟ್ರಾನ್ ನಕ್ಷತ್ರಗಳು (ಸತ್ತ ದೊಡ್ಡ ನಕ್ಷತ್ರಗಳ ಬಹಳ ದಟ್ಟವಾದ ತಿರುಳು) ಒಂದಾದಾಗ ಎದ್ದ ಗುರುತ್ವ ಅಲೆ, ಅಂಥ ಅಲೆಗಳನ್ನು ಹಿಡಿಯುವ ಅಮೆರಿಕದ ಲೈಗೋಗೆ ಸಿಕ್ಕಿತು. ಅದಾಗಿ 1.7 ಸೆಕೆಂಡಿಗೆ ಜಿಬಿಎಂಗೆ ಒಂದು ಕಿರು ಸ್ಫೋಟ ಸಿಕ್ಕಿತು. ಆ ಹೊತ್ತಿಗೆ ಸ್ವಿಫ್ಟ್ ಎಲ್ಲಿತ್ತು? ಆ ಜಾಗ ಅದಕ್ಕೆ ಭೂಮಿಯ ಹಿಂದೆ ಮರೆಯಾಗಿತ್ತು. ಭಾರತದ ಆಸ್ಟ್ರೋಸ್ಯಾಟ್‌ಗೂ ಅದೇ ಗತಿ. ಫರ್ಮಿಯದೇ ಎಲ್‌ಎಟಿ ಕೂಡ ಮುಚ್ಚಿತ್ತು. ದಕ್ಷಿಣ ಅಟ್ಲಾಂಟಿಕ್ ಮೇಲೆ ಕಣಗಳ ಹಾವಳಿ ಜಾಸ್ತಿ ಇರುವ ಪಟ್ಟಿಯೊಂದಿದೆ, ಅದನ್ನು ದಾಟುವಾಗ ಡಿಟೆಕ್ಟರ್‌ಗಳನ್ನು ಆಫ್ ಮಾಡಿಡುತ್ತಾರೆ. ಯುರೋಪಿನ ಇಂಟೆಗ್ರಲ್ ಉಪಗ್ರಹದ ಹೊರಕವಚಕ್ಕೆ ಮಾತ್ರ ಒಂದು ಸಣ್ಣ ಏರಿಕೆ ಕಂಡಿತ್ತು. ಜಿಬಿಎಂ ಕೊಟ್ಟ ಸ್ಥಾನದ ಹರವು ಸಾವಿರ ಚದರ ಡಿಗ್ರಿಗೂ ಮೇಲಿತ್ತು. ಲೈಗೋ ಮತ್ತು ಇಟಲಿಯಲ್ಲಿರುವ ಅದೇ ಥರದ ವರ್ಗೋ ಸೇರಿ ಅದನ್ನು 30 ಚದರ ಡಿಗ್ರಿಯ ಹತ್ತಿರಕ್ಕೆ ಇಳಿಸಿದ ಮೇಲೆ, ಸುಮಾರು 11 ಗಂಟೆ ಕಳೆದು, ಎನ್‌ಜಿಸಿ 4993 ಗ್ಯಾಲಕ್ಸಿಯಲ್ಲಿ ಹೊಸ ಬೆಳಕು ಕಂಡಿತು. ಈ ಘಟನೆಯ ಗಾಮಾ ಕಿರಣದ ಕತೆ ಬೇಕಾದರೆ ಜಿಬಿಎಂ ಬಿಟ್ಟು ನಿಮಗೆ ಹೆಚ್ಚಿನ ಆಯ್ಕೆಯೇ ಇಲ್ಲ.

2022ರ ಅಕ್ಟೋಬರ್ 9ರದ್ದು ಇದಕ್ಕೆ ಉಲ್ಟಾ. ನಾವು ಕಂಡ ಅತಿ ಪ್ರಕಾಶದ ಸ್ಫೋಟ ಅದು. ಜಿಬಿಎಂ ಮೊದಲೇ ಕಂಡಿತು, ಆದರೆ ಕಣಗಳ ಮಳೆಗೆ ಡಿಟೆಕ್ಟರ್‌ಗಳು ತುಂಬಿಹೋದವು. ಶಿಖರದ ಹೊತ್ತಿನ ಎಣಿಕೆಯನ್ನು ನೇರವಾಗಿ ನಂಬುವ ಹಾಗಿಲ್ಲ. ಸ್ವಿಫ್ಟ್‌ಗೆ ಸುಮಾರು 53 ನಿಮಿಷ ತಡವಾಗಿ ಆ ಜಾಗ ಕಂಡಿತು. ಆಗಲೂ ಉಳಿಹೊಳಪು ಎಷ್ಟು ಜೋರಾಗಿತ್ತು ಅಂದರೆ, ಅದು ನಮ್ಮ ಗ್ಯಾಲಕ್ಸಿಯೊಳಗಿನ ಯಾವುದೋ ಹೊಸ ಆಕರ ಇರಬೇಕು ಅಂತ ಮೊದಲು ಅಂದುಕೊಂಡರು. ಶಿಖರವನ್ನು ಸರಿಯಾಗಿ ಅಳೆದವುಗಳಲ್ಲಿ ಚೀನಾದ ಜಿಕ್ಯಾಮ್-ಸಿ ಒಂದು. ಗ್ರಬ್‌ಆಲ್ಫಾ ಅನ್ನುವ, ಪ್ರತಿ ಬದಿ 10 ಸೆಂಟಿಮೀಟರ್ ಇರುವ ಪುಟ್ಟ ಕ್ಯೂಬ್‌ಸ್ಯಾಟ್ ಇನ್ನೊಂದು. ಸಣ್ಣ ಡಿಟೆಕ್ಟರ್ ಆದದ್ದೇ ಅಲ್ಲಿ ಒಳ್ಳೆಯದಾಯಿತು. ಹಾಗಾಗಿ ಕ್ಯೂಬ್‌ಸ್ಯಾಟ್ ಡೇಟಾವನ್ನು ಸುಮ್ನೆ ವಿದ್ಯಾರ್ಥಿಗಳ ಆಟಿಕೆ ಅಂತ ತಳ್ಳಿಹಾಕಬೇಡಿ. ಅತಿ ಪ್ರಕಾಶದ ಸ್ಫೋಟಗಳಿಗೆ ಅದನ್ನೂ ನೋಡಿ.

ಅವಧಿಯ ಬಗ್ಗೆ ಒಂದು ಎಚ್ಚರ

ಟಿ90 ಅಂದರೆ ಸ್ಫೋಟದ ಕಣಗಳಲ್ಲಿ ನೂರಕ್ಕೆ 90ರಷ್ಟು ಬಂದು ಮುಗಿಯಲು ಹಿಡಿದ ಸಮಯ. ಎರಡು ಸೆಕೆಂಡಿಗಿಂತ ಕಡಿಮೆಯಾದರೆ ಕಿರು ಸ್ಫೋಟ, ಜಾಸ್ತಿಯಾದರೆ ದೀರ್ಘ ಸ್ಫೋಟ ಅನ್ನುವ ಗೆರೆ 1990ರ ದಶಕದ ಬ್ಯಾಟ್ಸಿ ಅನ್ನುವ ಬೇರೊಂದು ಉಪಕರಣದ (ಸ್ವಿಫ್ಟ್‌ನ ಬ್ಯಾಟ್ ಅಲ್ಲ) ಡೇಟಾದಿಂದ ಬಂದದ್ದು. ಎಷ್ಟೋ ಜನ ಫರ್ಮಿ ಪಟ್ಟಿಯಿಂದ ಅರ್ಧ, ಸ್ವಿಫ್ಟ್ ಪಟ್ಟಿಯಿಂದ ಅರ್ಧ ತೆಗೆದು ಒಂದೇ ಗ್ರಾಫಿನಲ್ಲಿ ಹಾಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಜಿಬಿಎಂ ಟಿ90 ಅಳೆಯುವುದು 50ರಿಂದ 300 ಕೆಇವಿಯಲ್ಲಿ. ಬ್ಯಾಟ್ ಅಳೆಯುವುದು 15ರಿಂದ 350 ಕೆಇವಿಯಲ್ಲಿ. ಕಡಿಮೆ ಶಕ್ತಿಯ ಕಿರಣ ಹೆಚ್ಚು ಹೊತ್ತು ಬರುತ್ತಿರುತ್ತದೆ, ಆದ್ದರಿಂದ ಸಂಖ್ಯೆಗಳು ಬೇರೆ ಬೇರೆ ಬರುತ್ತವೆ. 2021ರ ಡಿಸೆಂಬರ್ 11ರ ಸ್ಫೋಟವನ್ನೇ ತಗೊಳ್ಳಿ. ಜಿಬಿಎಂ ಪ್ರಕಾರ ಅದರ ಅವಧಿ ಸುಮಾರು 34 ಸೆಕೆಂಡ್, ಬ್ಯಾಟ್ ಪ್ರಕಾರ ಸುಮಾರು 51 ಸೆಕೆಂಡ್. ಎರಡೂ ಸರಿಯೇ.

ಅದೇ ಸ್ಫೋಟ ಇನ್ನೊಂದು ಪಾಠವನ್ನೂ ಕಲಿಸಿತು. ದೀರ್ಘ ಸ್ಫೋಟ ಅಂದರೆ ದೊಡ್ಡ ನಕ್ಷತ್ರ ಕುಸಿದದ್ದು, ಕಿರು ಸ್ಫೋಟ ಅಂದರೆ ನ್ಯೂಟ್ರಾನ್ ನಕ್ಷತ್ರಗಳು ಕೂಡಿದ್ದು ಅಂತ ನಾವೆಲ್ಲ ಓದಿದ್ದೆವು ಅಲ್ವಾ? ಇಲ್ಲಿ ಅಷ್ಟು ದೀರ್ಘ ಸ್ಫೋಟದ ಹಿಂದೆ ಕಿಲೋನೋವಾದ ಹೊಳಪು ಕಂಡಿತು. ಅಂದರೆ ನಕ್ಷತ್ರಗಳು ಕೂಡಿದ್ದರ ಗುರುತು. 2023ರ ಮಾರ್ಚ್ 7ರ ಸ್ಫೋಟದಲ್ಲೂ ಹೀಗೇ ಆಯಿತು. ಅವಧಿ ಒಂದನ್ನೇ ಹಿಡಿದು ವಿಂಗಡಿಸುವ ಪ್ರಾಜೆಕ್ಟ್ ಇಂದಿನ ಮಟ್ಟಿಗೆ ಸಾಲದು. ರೋಹಿತ, ಉಳಿಹೊಳಪು ಎರಡನ್ನೂ ಜೊತೆಗೆ ತನ್ನಿ.

ಉಳಿದವು

ಧ್ರುವೀಕರಣ (ಕಿರಣದ ಅಲೆಗಳು ಒಂದೇ ದಿಕ್ಕಿನಲ್ಲಿ ಎಷ್ಟರ ಮಟ್ಟಿಗೆ ಕಂಪಿಸುತ್ತವೆ ಅನ್ನುವುದು) ನಿಮ್ಮ ವಿಷಯವಾದರೆ ಆಸ್ಟ್ರೋಸ್ಯಾಟ್ ನೋಡಿ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಈ ಉಪಗ್ರಹದ ಸಿಜೆಡ್‌ಟಿಐ ಉಪಕರಣಕ್ಕೆ 600ಕ್ಕೂ ಹೆಚ್ಚು ಸ್ಫೋಟಗಳು ಕಂಡಿವೆ. ಸ್ಫೋಟ ಹಿಡಿಯಲೆಂದೇ ಮಾಡಿದ್ದಲ್ಲ ಅದು. 100 ಕೆಇವಿಗಿಂತ ಮೇಲೆ ಅದರ ಪಕ್ಕದ ಗೋಡೆಗಳು ಕಿರಣವನ್ನು ಒಳಗೆ ಬಿಡುತ್ತವೆ. ಹಾಗಾಗಿ ಅದು ಬೇರೆಲ್ಲೋ ನೋಡುತ್ತಿದ್ದರೂ ಪಕ್ಕದಿಂದ ಬಂದ ಸ್ಫೋಟ ಸಿಕ್ಕಿಬಿಡುತ್ತದೆ. ಒಂದು ಫೋಟಾನ್ ಒಂದು ಪಿಕ್ಸೆಲ್‌ನಲ್ಲಿ ಚದುರಿ ಪಕ್ಕದ ಪಿಕ್ಸೆಲ್‌ನಲ್ಲಿ ನಿಂತರೆ, ಅದು ಯಾವ ಕಡೆ ಚದುರಿತು ಅನ್ನುವುದರಿಂದ ಧ್ರುವೀಕರಣದ ಸುಳಿವು ಸಿಗುತ್ತದೆ. ಸ್ಫೋಟ ಬಹಳ ಪ್ರಕಾಶವಾಗಿದ್ದರೆ ಮಾತ್ರ ಇದು ಸಾಧ್ಯ. ಚೀನಾದ ತಿಯಾನ್‌ಗಾಂಗ್-2 ಬಾಹ್ಯಾಕಾಶ ಪ್ರಯೋಗಾಲಯದ ಮೇಲಿದ್ದ ಪೋಲಾರ್ ಉಪಕರಣ ಐದು ಸ್ಫೋಟಗಳನ್ನು ನೋಡಿ, ಸರಾಸರಿ ಧ್ರುವೀಕರಣ ಕಡಿಮೆ ಅಂದಿತು. ಆಸ್ಟ್ರೋಸ್ಯಾಟ್‌ನ ಮೊದಲ ವರ್ಷದ ಫಲಿತಾಂಶದಲ್ಲಿ ಹೆಚ್ಚಿನ ಧ್ರುವೀಕರಣದ ಸ್ಫೋಟಗಳು ಕಂಡಿದ್ದವು. ಈ ಜಗಳ ಇನ್ನೂ ಬಗೆಹರಿದಿಲ್ಲ, ಅದಕ್ಕೇ ಈ ವಿಷಯ ನನಗೆ ತುಂಬಾ ಇಷ್ಟ. ಆದರೆ ಹೊಸಬರಿಗೆ ಸುಲಭವಲ್ಲ.

ಕೋನಸ್-ವಿಂಡ್ 1994ರ ನವೆಂಬರ್‌ನಿಂದ ಕೆಲಸ ಮಾಡುತ್ತಿರುವ ಹಳೆಯ ರಷ್ಯನ್ ಉಪಕರಣ. ಈಗ ಅದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಭೂಮಿ ಅಡ್ಡ ಬರುವ ಮಾತೇ ಇಲ್ಲ, ಇಡೀ ಆಕಾಶ ಕಾಣುತ್ತದೆ. ಬೆಳಕಿಗೆ ಅಷ್ಟು ದೂರ ಹೋಗಲು ಐದು ಸೆಕೆಂಡ್ ಬೇಕು. ಸಮಯದ ಅಂತರದಿಂದ ದಿಕ್ಕು ಹುಡುಕುವ ಲೆಕ್ಕಕ್ಕೆ ಅದು ಬಹಳ ಅನುಕೂಲ.

2024ರಲ್ಲಿ ಎರಡು ಹೊಸಬರು ಬಂದರು. ಜನವರಿ 9ರಂದು ಹಾರಿದ ಐನ್‌ಸ್ಟೈನ್ ಪ್ರೋಬ್ 0.5ರಿಂದ 4 ಕೆಇವಿಯ ಮೃದು ಎಕ್ಸ್ ಕಿರಣದಲ್ಲಿ ಒಂದೇ ಸಲಕ್ಕೆ 3,600 ಚದರ ಡಿಗ್ರಿ ನೋಡುತ್ತದೆ. ಲಾಬ್‌ಸ್ಟರ್ ಅನ್ನುವ ಕಡಲಜೀವಿಯ ಕಣ್ಣಿನ ರಚನೆಯನ್ನು ಅನುಸರಿಸಿದ ಕನ್ನಡಿ ಅದರದ್ದು. 2024ರ ಮಾರ್ಚ್ 15ರಂದು ಅದು ಹಿಡಿದ ಘಟನೆಯಲ್ಲಿ ಎಕ್ಸ್ ಕಿರಣ ಶುರುವಾಗಿ ಆರು ನಿಮಿಷ ಕಳೆದ ಮೇಲೆ ಗಾಮಾ ಕಿರಣ ಬಂತು. ಗಾಮಾ ಡಿಟೆಕ್ಟರ್ ಒಂದನ್ನೇ ನೋಡುತ್ತಿದ್ದರೆ ಆ ಮೊದಲಿನ ಭಾಗ ಗೊತ್ತೇ ಆಗುತ್ತಿರಲಿಲ್ಲ. ಜೂನ್ 22ರಂದು ಚೀನಾ ಮತ್ತು ಫ್ರಾನ್ಸ್ ಸೇರಿ ಹಾರಿಸಿದ ಎಸ್‌ವಿಒಎಂ ಬಹುಮಟ್ಟಿಗೆ ಸ್ವಿಫ್ಟ್‌ನ ದಾರಿಯದ್ದೇ. ಅದರ ಮುಸುಕಿನ ದೂರದರ್ಶಕ 4 ಕೆಇವಿಯಿಂದಲೇ ನೋಡಲು ಶುರು ಮಾಡುತ್ತದೆ, ಜೊತೆಗೆ 5 ಎಂಇವಿವರೆಗೆ ನೋಡುವ ಇನ್ನೊಂದು ಉಪಕರಣವೂ ಇದೆ. ಸಾಮಾನ್ಯವಾಗಿ ಸೂರ್ಯನ ಎದುರು ದಿಕ್ಕಿಗೆ ನೋಡುವುದರಿಂದ, ಅದು ಕಂಡ ಸ್ಫೋಟ ಭೂಮಿಯ ರಾತ್ರಿ ಆಕಾಶದಲ್ಲಿರುತ್ತದೆ. ದೂರದರ್ಶಕಗಳಿಗೆ ಅದು ವರ. 2025ರ ಮಾರ್ಚ್ 14ರಂದು ಅದು ಹಿಡಿದ ಸ್ಫೋಟದ ಕೆಂಪುಪಲ್ಲಟ ಸುಮಾರು 7.3.

ಹಾಗಾದರೆ ಎಲ್ಲಿಂದ ಶುರು?

ಮೊದಲ ಬಾರಿಗೆ ಕೈ ಹಾಕುವವರಿಗೆ ನಾನು ಹೇಳುವುದು ಜಿಬಿಎಂ. ಡೇಟಾ ಎಲ್ಲರಿಗೂ ತೆರೆದಿದೆ, ಪೈಥಾನ್ ಸಲಕರಣೆಗಳೂ ಉಚಿತ. ಮೊದಲ ಅಭ್ಯಾಸಕ್ಕೆ ಬಿಎನ್170817529 ಫೋಲ್ಡರ್ ತೆರೆಯಿರಿ. ಮೊದಲ ಆರು ಅಂಕಿ ದಿನಾಂಕ, ಕೊನೆಯ ಮೂರು ಆ ದಿನದ ಎಷ್ಟನೇ ಭಾಗ ಅನ್ನುವುದು. ಲೆಕ್ಕ ಹಾಕಿದರೆ ಅಂತರರಾಷ್ಟ್ರೀಯ ಸಮಯ 12 ಗಂಟೆ 41 ನಿಮಿಷದ ಹತ್ತಿರ ಬರುತ್ತದೆ. ಪ್ರತಿ ಕಣದ ಸಮಯ ಇರುವ ಟಿಟಿಇ ಫೈಲ್‌ಗಳಲ್ಲಿ 1, 2 ಮತ್ತು 5ನೇ ಡಿಟೆಕ್ಟರ್‌ನವನ್ನು ಆರಿಸಿ. ಹಿನ್ನೆಲೆ (ಸ್ಫೋಟ ಇಲ್ಲದಾಗಲೂ ಬೀಳುತ್ತಿರುವ ಕಣಗಳ ಎಣಿಕೆ) ನೇರ ಗೆರೆಯ ಹಾಗೆ ಇರುವುದಿಲ್ಲ, ಉಪಗ್ರಹ ಸುತ್ತಿದಂತೆ ಏರಿಳಿಯುತ್ತದೆ. ಸ್ಫೋಟದ ಮುಂಚಿನ ಮತ್ತು ನಂತರದ ಭಾಗಕ್ಕೆ ಒಂದು ವಕ್ರರೇಖೆ ಹೊಂದಿಸಿ ಕಳೆಯಿರಿ. ಅರ್ಧ ಸೆಕೆಂಡಿನ ಒಂದು ಚೂಪು ಏರಿಕೆ, ಅದರ ಹಿಂದೆ ಮೃದುವಾದ ಬಾಲ ಕಾಣುತ್ತದೆ. ಇಡೀ ಜಗತ್ತಿನ ಖಗೋಳ ವಿಜ್ಞಾನಿಗಳನ್ನು ಎಬ್ಬಿಸಿದ ಸಂಕೇತ ಇಷ್ಟೇ ಪುಟ್ಟದು.

ಉಳಿಹೊಳಪು ಹೇಗೆ ಕುಂದುತ್ತದೆ ಅನ್ನುವುದು ಪ್ರಶ್ನೆಯಾದರೆ ನೇರವಾಗಿ ಸ್ವಿಫ್ಟ್‌ನ ಎಕ್ಸ್‌ಆರ್‌ಟಿಗೆ ಹೋಗಿ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದವರು ಪ್ರತಿ ಸ್ಫೋಟದ ಬೆಳಕಿನ ರೇಖೆ ಮತ್ತು ರೋಹಿತವನ್ನು ಸಿದ್ಧ ಮಾಡಿಯೇ ಇಟ್ಟಿರುತ್ತಾರೆ. ಕಚ್ಚಾ ಡೇಟಾದ ಜೊತೆ ಗುದ್ದಾಡದೆ ಭೌತಶಾಸ್ತ್ರಕ್ಕೆ ಇಳಿಯಬಹುದು.

ಒಟ್ಟು ಶಕ್ತಿ ಬೇಕು ಅನ್ನುವವರಿಗೆ ಎರಡೂ ಬೇಕು. ರೋಹಿತ ಜಿಬಿಎಂದು, ದೂರ ಸ್ವಿಫ್ಟ್ ಕೊಟ್ಟ ಸ್ಥಾನದಿಂದ ಬಂದದ್ದು. ಇನ್ನೊಂದು ಸಂಗತಿ ಹಲವರ ಗಮನಕ್ಕೆ ಬರುವುದಿಲ್ಲ. ಕಿರಣ ಯಾವ ಕೋನದಲ್ಲಿ ಬಿತ್ತು ಅನ್ನುವುದರ ಮೇಲೆ ಜಿಬಿಎಂ ಡಿಟೆಕ್ಟರ್‌ನ ಪ್ರತಿಕ್ರಿಯೆ ಬದಲಾಗುತ್ತದೆ. ಸ್ಥಾನವೇ ತಪ್ಪಿದ್ದರೆ ರೋಹಿತವೂ ತಪ್ಪುತ್ತದೆ. ಹಾಗಾಗಿ ಸ್ವಿಫ್ಟ್ ಸ್ಥಾನ ಸಿಕ್ಕಿದ್ದರೆ ಅದಕ್ಕೆ ಹೊಂದುವ ಪ್ರತಿಕ್ರಿಯೆ ಫೈಲನ್ನೇ ಬಳಸಿ, ಸ್ಫೋಟದ ದಿಕ್ಕಿಗೆ 60 ಡಿಗ್ರಿಯೊಳಗಿರುವ ಡಿಟೆಕ್ಟರ್‌ಗಳನ್ನಷ್ಟೇ ತೆಗೆದುಕೊಳ್ಳಿ. ಎರಡೂ ಉಪಗ್ರಹ ಕಂಡ, ದೂರ ಗೊತ್ತಿರುವ ಸ್ಫೋಟಗಳ ಪಟ್ಟಿ ಚಿಕ್ಕದೇ. ಆದರೆ ಒಂದು ಪ್ರಾಜೆಕ್ಟ್‌ಗೆ ಧಾರಾಳವಾಗಿ ಸಾಕು.